ನೌಕರಿ, ಹೊಲ, ಮನೆ ನಡುವೆ ಕೋಡಿಂಗ್ ಕಲಿಯಲು ಟೈಮ್ ಹೊಂದಿಸುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಕೋಡಿಂಗ್ ಕಲಿಯಬೇಕು ಅನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಕೋರ್ಸ್ ಒಳ್ಳೇದು? ಕೋರ್ಸಿಗೇನು ಬರ ಇಲ್ಲ. ಬೇಕಾದಷ್ಟಿವೆ, ಅದರಲ್ಲಿ ಪುಕ್ಕಟೆ ಸಿಗುವವೇ ಜಾಸ್ತಿ. ಸ್ವಲ್ಪ ದಿನ ಬಿಟ್ಟು ಅದೇ ಮಂದಿ ಸಿಕ್ಕರೆ ಹೇಳುವ ಮಾತೂ ಒಂದೇ: "ಶುರು ಮಾಡಿದ್ದೆ ಸರ್, ಟೈಮೇ ಸಿಗ್ತಿಲ್ಲ."

ಈ ಮಾತು ನೆಪ ಅಂತ ನನಗೆ ಅನಿಸಿಲ್ಲ. ಬೆಳಗ್ಗೆ ರೈಲು ಹಿಡಿದು ಯಾದಗಿರಿಗೆ ಹೋಗಿ ಸಂಜೆ ಬರುವವರಿಗೆ, ಸೇಡಂ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುವವರಿಗೆ, ಆಫೀಸು ಮುಗಿಸಿ ಬಂದು ರೊಟ್ಟಿ ಬಡಿಯುವವರಿಗೆ ಉಳಿಯುವ ಹೊತ್ತು ಎಷ್ಟು? ಆದರೂ ಲೆಕ್ಕ ಹಾಕಿ ನೋಡಿದರೆ ಬಹಳ ಮಂದಿಗೆ ದಿನಕ್ಕೆ ಒಂದು ಗಂಟೆಯಾದರೂ ಇರುತ್ತದೆ. ಅದು ಒಂದೇ ಕಡೆ ಇರುವುದಿಲ್ಲ. ಹತ್ತು ನಿಮಿಷ ಇಲ್ಲಿ, ಹದಿನೈದು ನಿಮಿಷ ಅಲ್ಲಿ ಚೂರಾಗಿ ಬಿದ್ದಿರುತ್ತದೆ. ಆ ಚೂರಿನಲ್ಲಿ ಆಗದ ಕೆಲಸಕ್ಕೆ ಕೈ ಹಾಕುತ್ತಾರೆ, ಆಗುವುದಿಲ್ಲ, ಬೇಜಾರಾಗಿ ಬಿಡುತ್ತಾರೆ. ಎಷ್ಟು ಗಂಟೆ ಸಿಗುತ್ತದೆ ಅನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಯಾವ ಕೆಲಸ ಮಾಡಬೇಕು ಅನ್ನುವುದು ದೊಡ್ಡ ಪ್ರಶ್ನೆ. ಈ ಲೇಖನದಲ್ಲಿ ಹೆಚ್ಚು ಜಾಗ ಅದಕ್ಕೇ.

ಹಂತ 1: ಈಗಲೇ ಕಲಿಯಬೇಕಾ, ಕೇಳಿಕೊಳ್ಳಿ

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಒಂದು ವಿಶೇಷ ಕಾರಣ ಇದೆ. 2013ರಲ್ಲಿ ಸಂವಿಧಾನದ 371ಜೆ ವಿಧಿ ಬಂದು ಸ್ಥಳೀಯರಿಗೆ ಹುದ್ದೆಗಳು ಮೀಸಲಾದ ಮೇಲೆ, ಸರ್ಕಾರಿ ನೌಕರಿ ಮೇಲಿನ ಆಸೆ ಇಲ್ಲಿ ಇನ್ನೂ ಗಟ್ಟಿಯಾಗಿದೆ. ಎಫ್‌ಡಿಎ, ಪಿಡಿಒ, ಪಿಎಸ್‌ಐ ಅಂತ ಓದುವವರು ಓಣಿಗೆ ಹತ್ತು ಜನ ಸಿಗುತ್ತಾರೆ. ಅವರಲ್ಲೇ ಕೆಲವರು "ಜೊತೆಗೆ ಪೈಥಾನೂ ಕಲಿತರೆ ಹೇಗೆ?" ಅಂತ ಕೇಳುತ್ತಾರೆ. ಪೈಥಾನ್ ಅಂದರೆ ಪ್ರೋಗ್ರಾಮ್ ಬರೆಯುವ ಒಂದು ಭಾಷೆ.

ಪರೀಕ್ಷೆ ದಿನಾಂಕ ಗೊತ್ತಾಗಿದ್ದರೆ ಕಲಿಯಬೇಡಿ. ಪರೀಕ್ಷೆ ಮುಗಿಯಲಿ. ಎರಡೂ ಕೇಳುವುದು ನಿಮ್ಮ ತಲೆ ಚುರುಕಾಗಿರುವ ಅದೇ ಹೊತ್ತನ್ನು. ಪರೀಕ್ಷೆಗೆ ಗಡುವು ಇದೆ, ಕೋಡಿಂಗ್‌ಗೆ ಇಲ್ಲ. ಅಧಿಸೂಚನೆ ಯಾವಾಗ ಬರುತ್ತದೋ ಅಂತ ಕಾಯುತ್ತಾ ಕೂತಿದ್ದರೆ ಮಾತು ಬೇರೆ. ಆ ಕಾಯುವ ತಿಂಗಳುಗಳು ಕೋಡಿಂಗ್‌ಗೆ ಚಲೋ ಅವಕಾಶ.

ಕಲಿಯುವುದೇ ಸರಿ ಅನಿಸಿದರೆ, ಯಾಕೆ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. "ಕೋಡಿಂಗ್‌ಗೆ ಸ್ಕೋಪ್ ಇದೆ" ಅನ್ನುವುದು ನಡೆಯುವುದಿಲ್ಲ. "ಪ್ರತಿ ತಿಂಗಳು ಹನ್ನೆರಡು ಎಕ್ಸೆಲ್ ಫೈಲು ಕೂಡಿಸುವ ಕೆಲಸ ನನ್ನ ತಲೆ ತಿನ್ನುತ್ತಿದೆ" ಅನ್ನುವುದು ನಡೆಯುತ್ತದೆ. ಯಾಕೆಂದರೆ ನಿಮಗೆ ಎಷ್ಟು ಸಮಯ ಬೇಕು ಅನ್ನುವುದು ಈ ಸಾಲಿನಲ್ಲೇ ಇದೆ. ಆಫೀಸಿನ ಕೆಲಸ ಹಗುರ ಮಾಡಿಕೊಳ್ಳಲು ವಾರಕ್ಕೆ ಮೂರು ಗಂಟೆ ಸಾಕಾಗಬಹುದು. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಸಾಫ್ಟ್‌ವೇರ್ ನೌಕರಿ ಹಿಡಿಯಬೇಕು ಅಂದರೆ ವಾರಕ್ಕೆ ಹತ್ತು ಗಂಟೆಯಂತೆ ಒಂದು ವರ್ಷ ದುಡಿದರೂ ಕಡಿಮೆ ಬೀಳಬಹುದು. ಮೂರು ಗಂಟೆ ಇಟ್ಟುಕೊಂಡು ನೌಕರಿಯ ಕನಸು ಕಂಡರೆ ಮೂರನೇ ತಿಂಗಳಿಗೆ ನಿರಾಶೆ ಖಂಡಿತ.

ಭಾಷೆ ಯಾವುದು? ವೆಬ್‌ಸೈಟ್ ಮಾಡುವ ಆಸೆ ಇದ್ದರೆ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್. ಬೇರೆ ಏನೇ ಇದ್ದರೂ ಪೈಥಾನ್. 1991ರಲ್ಲಿ ಬಂದ ಭಾಷೆ, ಪುಕ್ಕಟೆ ಸಿಗುತ್ತದೆ. ಅದರ ಕೀವರ್ಡ್‌ಗಳು (ಅರ್ಥ ಮೊದಲೇ ನಿಗದಿಯಾದ ಪದಗಳು) ಒಟ್ಟು 35 ಅಷ್ಟೇ, ಆದ್ದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಬೇಕಿಲ್ಲ. ಇದರ ಬಗ್ಗೆ ಇನ್ನಷ್ಟು ತಲೆ ಕೆಡಿಸಿಕೊಳ್ಳಬೇಡಿ. ಯಾವ ಭಾಷೆ ಅಂತ ವಿಡಿಯೋ ನೋಡುತ್ತಾ ತಿಂಗಳು ಕಳೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಹಂತ 2: ಒಂದು ವಾರ ಬರೀ ಲೆಕ್ಕ ಬರೆಯಿರಿ

ಈ ವಾರ ಕೋಡಿಂಗ್ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ದಿನವನ್ನು ಅರ್ಧ ಗಂಟೆಯ ಸಾಲುಗಳಾಗಿ ಬರೆದು, ಯಾವ ಅರ್ಧ ಗಂಟೆ ಎಲ್ಲಿ ಹೋಯಿತು ಅಂತ ರಾತ್ರಿ ಮಲಗುವ ಮುಂಚೆ ತುಂಬಿ. ಜೊತೆಗೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ, ತೆರೆದು ನೋಡಿ. ರೀಲ್ಸ್ ಎಷ್ಟು ಹೊತ್ತು, ವಾಟ್ಸಾಪ್ ಎಷ್ಟು ಹೊತ್ತು ಅಂತ ಅದೇ ತೋರಿಸುತ್ತದೆ.

ಇಲ್ಲೊಂದು ಮಾತು. ರೀಲ್ಸ್ ಪೂರ್ತಿ ಬಿಡುತ್ತೇನೆ ಅಂತ ಹಟ ತೊಡಬೇಡಿ. ದಣಿದ ತಲೆಗೆ ಸುಮ್ನೆ ಕೂರುವ ಹೊತ್ತೂ ಬೇಕು. ರಾತ್ರಿ ಹತ್ತೂವರೆಗೆ ನೋಡುವ ರೀಲ್ಸ್ ಬಿಟ್ಟರೆ ಆ ಹೊತ್ತಿಗೆ ಕೋಡ್ ಬರೆಯಲು ಆಗುತ್ತದಾ? ಬಹಳ ಸಲ ಇಲ್ಲ. ಆಗ ಬೇಕಾಗಿರುವುದು ನಿದ್ದೆ. ರಾತ್ರಿ ಉಳಿದ ಆ ಅರ್ಧ ಗಂಟೆಯನ್ನು ಬೇಗ ಮಲಗಲು ಬಳಸಿ, ಬೆಳಗ್ಗೆ ಅಷ್ಟು ಬೇಗ ಏಳಿ. ಆಗ ಅದು ಕೆಲಸಕ್ಕೆ ಬರುವ ಹೊತ್ತಾಗುತ್ತದೆ.

ವಾರದ ಕೊನೆಗೆ ನೋಟ್‌ಬುಕ್ ತೆಗೆದು ಎರಡು ಬಣ್ಣದ ಪೆನ್ನು ಹಿಡಿಯಿರಿ. ಯಾರೂ ಕರೆಯದ, ಮುಕ್ಕಾಲು ಗಂಟೆಗಿಂತ ಉದ್ದದ ಹೊತ್ತಿಗೆ ಒಂದು ಬಣ್ಣ. ಅದಕ್ಕಿಂತ ಚಿಕ್ಕ, ಮಧ್ಯೆ ಯಾರಾದರೂ ಕರೆಯಬಹುದಾದ ಹೊತ್ತಿಗೆ ಇನ್ನೊಂದು. ಮೊದಲನೆಯದನ್ನು ಇಡಿ ಹೊತ್ತು ಅನ್ನೋಣ, ಎರಡನೆಯದನ್ನು ಬಿಡಿ ಹೊತ್ತು.

ಹಂತ 3: ಇಡಿ ಹೊತ್ತಿಗೆ ಒಂದು ಕೆಲಸ, ಬಿಡಿ ಹೊತ್ತಿಗೆ ಇನ್ನೊಂದು

ಪ್ರೋಗ್ರಾಮಿಂಗ್ ಅಂದರೆ ಒಂದೇ ಕೆಲಸ ಅಲ್ಲ. ಪಾಠ ಕೇಳುವುದು, ಬೇರೆಯವರ ಕೋಡ್ ಓದುವುದು, ಹೊಸ ಕೋಡ್ ಬರೆಯುವುದು, ತಪ್ಪು ಹುಡುಕುವುದು, ಎಲ್ಲಾ ಬೇರೆ ಬೇರೆ. ಕೆಲವು ಹತ್ತು ನಿಮಿಷದಲ್ಲಿ ಆಗುತ್ತವೆ. ಕೆಲವು ಹತ್ತು ನಿಮಿಷದಲ್ಲಿ ಶುರುವೇ ಆಗುವುದಿಲ್ಲ.

ಒಂದು ಉದಾಹರಣೆ ಪೂರ್ತಿ ನೋಡೋಣ. ಪಹಣಿ ಕಂಡವರಿಗೆಲ್ಲ ಎಕರೆ-ಗುಂಟೆ ಲೆಕ್ಕ ಗೊತ್ತು. 40 ಗುಂಟೆಗೆ ಒಂದು ಎಕರೆ. ಒಂದು ಹೊಲ 3 ಎಕರೆ 25 ಗುಂಟೆ, ಇನ್ನೊಂದು 2 ಎಕರೆ 30 ಗುಂಟೆ. ಎರಡೂ ಸೇರಿ ಎಷ್ಟು? ಇದನ್ನು ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯಬೇಕು.

ಮೊದಲ ಕೆಲಸ, ಲೆಕ್ಕದ ದಾರಿ ಯೋಚಿಸುವುದು. ಎಲ್ಲವನ್ನೂ ಗುಂಟೆಗೆ ತರಬೇಕು: 145 ಮತ್ತು 110, ಕೂಡಿದರೆ 255. ಅದನ್ನು 40ರಿಂದ ಭಾಗಿಸಿದರೆ 6, ಶೇಷ 15. ಅಂದರೆ 6 ಎಕರೆ 15 ಗುಂಟೆ. ಇದಕ್ಕೆ ಕಂಪ್ಯೂಟರೇ ಬೇಡ. ಸೂಪರ್ ಮಾರ್ಕೆಟ್‌ನಲ್ಲಿ ಸಿಟಿ ಬಸ್ಸಿಗೆ ಕಾಯುತ್ತಾ ಚೀಟಿಯ ಹಿಂಬದಿ ಬರೆಯಬಹುದು. ಮಧ್ಯೆ ಬಸ್ ಬಂದರೂ ನಷ್ಟ ಇಲ್ಲ. ಇದು ಬಿಡಿ ಹೊತ್ತಿನ ಕೆಲಸ.

ಎರಡನೆಯದು, ಅದನ್ನು ಕೋಡ್ ಮಾಡಿ ಓಡಿಸುವುದು. ಇಲ್ಲಿ ತಮಾಷೆ ಶುರು. ಬಳಸುವವರಿಂದ ಗುಂಟೆ ಕೇಳಿ ಪಡೆದು, 25 ಮತ್ತು 30 ಕೂಡಿಸಿದರೆ ಪೈಥಾನ್ 55 ಅನ್ನುವ ಬದಲು 2530 ಅನ್ನುತ್ತದೆ. ಯಾಕೆಂದರೆ ಇನ್‌ಪುಟ್ ಮೂಲಕ ಬಂದದ್ದನ್ನು ಅದು ಸಂಖ್ಯೆ ಅಂತ ತಿಳಿಯುವುದಿಲ್ಲ, ಬರಹ ಅಂತ ತಿಳಿದು ಒಂದರ ಪಕ್ಕ ಒಂದು ಜೋಡಿಸುತ್ತದೆ. ಇಂಟ್ ಅನ್ನುವ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಸಿದ್ಧ ಕೋಡ್) ಹಾಕಿ ಸಂಖ್ಯೆಯಾಗಿ ಬದಲಿಸಬೇಕು. ಅದನ್ನು ಸರಿ ಮಾಡಿದರೆ ಇನ್ನೊಂದು ಕಾದಿರುತ್ತದೆ: 255ನ್ನು ಒಂಟಿ ಓರೆಗೆರೆ (/) ಹಾಕಿ 40ರಿಂದ ಭಾಗಿಸಿದರೆ 6.375 ಬರುತ್ತದೆ. ಅವಸರದಲ್ಲಿ ಅದನ್ನು 6 ಎಕರೆ 37 ಗುಂಟೆ ಅಂತ ಓದಿದರೆ ಅಣ್ಣ-ತಮ್ಮಂದಿರ ನಡುವೆ ಜಗಳವೇ ಆದೀತು! ಜೋಡಿ ಓರೆಗೆರೆ (//) ಹಾಕಿದರೆ ಬರೀ ಪೂರ್ಣಾಂಕ ಸಿಗುತ್ತದೆ, ಶೇಕಡಾ ಚಿಹ್ನೆ (%) ಹಾಕಿದರೆ ಶೇಷ ಸಿಗುತ್ತದೆ.

ಈ ಎರಡು ತಪ್ಪು ಹುಡುಕಲು ಹೊಸಬರಿಗೆ ಒಂದು ಗಂಟೆ ಹಿಡಿಯಬಹುದು. ಆ ಒಂದು ಗಂಟೆಯಲ್ಲಿ ತಲೆಯೊಳಗೆ ನಾಲ್ಕೈದು ವಿಷಯ ಒಟ್ಟಿಗೆ ಹಿಡಿದಿಟ್ಟುಕೊಂಡಿರುತ್ತೀರಿ: ಯಾವ ವೇರಿಯಬಲ್‌ನಲ್ಲಿ (ಸಂಖ್ಯೆ, ಬರಹ ಇಟ್ಟುಕೊಳ್ಳುವ ಹೆಸರಿನಲ್ಲಿ) ಏನಿದೆ, ಯಾವ ಸಾಲು ಬದಲಾಯಿಸಿದೆ, ಮುಂಚೆ ಏನು ಬರುತ್ತಿತ್ತು. ಮಧ್ಯೆ ಒಂದು ಫೋನ್ ಬಂದರೆ ಎಲ್ಲಾ ಚೆಲ್ಲಿಹೋಗುತ್ತದೆ, ಮತ್ತೆ ಮೊದಲಿನಿಂದ. ಅದಕ್ಕೇ ಇದು ಇಡಿ ಹೊತ್ತಿನ ಕೆಲಸ. ಇದನ್ನು ಹತ್ತು ನಿಮಿಷದ ಚೂರುಗಳಲ್ಲಿ ಮಾಡಲು ಹೋದವರೇ "ನನಗೆ ಕೋಡಿಂಗ್ ತಲೆಗೆ ಹತ್ತಲ್ಲ" ಅಂತ ತೀರ್ಮಾನಕ್ಕೆ ಬರುವುದು. ತಲೆಯ ತಪ್ಪಲ್ಲ, ಹೊತ್ತಿನದ್ದು.

ಹಾಗಾದರೆ ಬಿಡಿ ಹೊತ್ತಿಗೆ ಏನೇನು ಇಟ್ಟುಕೊಳ್ಳಬೇಕು?

- ಪಾಠದ ವಿಡಿಯೋ, ಮನೆಯ ವೈಫೈನಲ್ಲಿ ಮೊದಲೇ ಡೌನ್‌ಲೋಡ್ ಮಾಡಿದ್ದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹತ್ತು ನಿಮಿಷದ ಆಸುಪಾಸಿನ ಚಿಕ್ಕ ಪಾಠಗಳಿವೆ, ಹಲವಕ್ಕೆ ಕನ್ನಡ ಧ್ವನಿಯೂ ಇದೆ.
- ನಿನ್ನೆ ಬರೆದ ಕೋಡಿನ ಸ್ಕ್ರೀನ್‌ಶಾಟ್. ಒಂದೊಂದು ಸಾಲು ಓದಿ, ಈ ಸಾಲು ಮುಗಿದ ಮೇಲೆ ಯಾವ ವೇರಿಯಬಲ್‌ನಲ್ಲಿ ಎಷ್ಟಿದೆ ಅಂತ ಕಾಗದದ ಮೇಲೆ ಬರೆಯುತ್ತಾ ಹೋಗಿ. ಬೇಸರದ ಕೆಲಸ ಅನಿಸುತ್ತದೆ. ಆದರೆ ಹೊಸಬರಿಗೆ ಇದಕ್ಕಿಂತ ಲಾಭದ ಅಭ್ಯಾಸ ನನಗೆ ಕಂಡಿಲ್ಲ.
- ಮೊನ್ನೆ ಕಲಿತದ್ದನ್ನು ನೋಡದೆ ನೆನಪಿಸಿಕೊಳ್ಳುವುದು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ: ಒಂದೇ ದಿನ ಉರು ಹೊಡೆಯುವುದಕ್ಕಿಂತ ದಿನ ಬಿಟ್ಟು ದಿನ ಹಂಚಿ ಓದಿದರೆ ನೆನಪು ಗಟ್ಟಿ. ಚೂರು ಸಮಯ ಇರುವವರಿಗೆ ಇದು ಒಳ್ಳೆ ಸುದ್ದಿ, ಅಲ್ವಾ?

ಅಪ್-ಡೌನ್ ಮಾಡುವವರಿಗೆ ರೈಲು ದೊಡ್ಡ ಆಸ್ತಿ. ಕಲಬುರಗಿಯಿಂದ ಶಹಾಬಾದ್, ವಾಡಿ ದಾಟಿ ಯಾದಗಿರಿವರೆಗೆ ದಿನವೂ ಹೋಗುವವರು, 2017ರಲ್ಲಿ ಶುರುವಾದ ಬೀದರ್–ಕಲಬುರಗಿ ಮಾರ್ಗದಲ್ಲಿ ಹುಮನಾಬಾದ್, ಕಮಲಾಪುರ ಕಡೆಯಿಂದ ಬರುವವರು, ಎಲ್ಲರಿಗೂ ಹೋಗುತ್ತಾ ಬರುತ್ತಾ ಸಾಕಷ್ಟು ಹೊತ್ತು ಸಿಗುತ್ತದೆ. ಸೀಟು ಖಾತ್ರಿ ಇಲ್ಲ. ನೆಟ್‌ವರ್ಕ್ ಊರು ದಾಟಿದ ಕೂಡಲೇ ಹೋಗುತ್ತದೆ, ಮರಗುತ್ತಿ ಸುರಂಗದಲ್ಲಂತೂ ಕೇಳಲೇಬೇಡಿ. ಹಾಗಾಗಿ ರೈಲಿನ ಪಾಠ ನಿಂತುಕೊಂಡು, ನೆಟ್ ಇಲ್ಲದೆ, ಒಂದೇ ಕೈಯಲ್ಲಿ ಮಾಡುವಂತಿರಬೇಕು. ಸೀಟು ಸಿಕ್ಕರೆ ಲ್ಯಾಪ್‌ಟಾಪ್ ತೆಗೆಯುತ್ತೇನೆ ಅನ್ನುವ ಯೋಜನೆ ವಾರದಲ್ಲಿ ನಾಲ್ಕು ದಿನ ಕೈ ಕೊಡುತ್ತದೆ. ಬಸ್ಸಿನಲ್ಲಿ ಓದಬೇಡಿ, ಜೇವರ್ಗಿ ರಸ್ತೆಯಾಗಲಿ ಆಳಂದ ರಸ್ತೆಯಾಗಲಿ ತಲೆ ಸುತ್ತುತ್ತದೆ. ಕೇಳಿ ಅಷ್ಟೇ.

ಹಂತ 4: ಇಡಿ ಹೊತ್ತನ್ನು ಗಡಿಯಾರದಲ್ಲಿ ಗುರುತು ಮಾಡಿ

ವಾರಕ್ಕೆ ಇಂಥ ಹೊತ್ತು ಮೂರು ಸಾಕು. ದಿನವೂ ಬೇಕು ಅಂತ ಕೂತರೆ ಒಂದು ದಿನ ತಪ್ಪಿದ ಕೂಡಲೇ ಎಲ್ಲಾ ಬಿಡುವ ಮನಸ್ಸಾಗುತ್ತದೆ. ಸೋಮವಾರದಿಂದ ಶನಿವಾರದೊಳಗೆ ಯಾವುದಾದರೂ ಎರಡು ದಿನ ಒಂದೊಂದು ಗಂಟೆ, ಭಾನುವಾರ ಎರಡು ಗಂಟೆ. ಇಷ್ಟರಿಂದ ಶುರು ಮಾಡಿ.

ನಮ್ಮ ಹವೆಗೆ ಬೆಳಗಿನ ಹೊತ್ತೇ ಸರಿ. ಮಾರ್ಚ್ ಮುಗಿಯುತ್ತಿದ್ದಂತೆ ಬಿಸಿಲು 40 ಡಿಗ್ರಿ ದಾಟುವ ಊರು ಇವು. ಮಧ್ಯಾಹ್ನ ಎರಡರಿಂದ ಐದರವರೆಗೆ ತಗಡಿನ ಶೀಟಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೆ ಮೊದಲು ಬಿಸಿಯಾಗುವುದು ಯಾವುದು, ಲ್ಯಾಪ್‌ಟಾಪೋ ತಲೆಯೋ, ಹೇಳುವುದು ಕಷ್ಟ. ಐದೂವರೆಯಿಂದ ಆರೂವರೆ, ನೀರು ಬರುವ ಮುಂಚೆ, ಹಾಲಿನವರು ಬಾಗಿಲು ಬಡಿಯುವ ಮುಂಚೆ. ಆ ಹೊತ್ತಿಗೆ ಯಾರೂ ಫೋನ್ ಮಾಡುವುದಿಲ್ಲ.

ಸರ್ಕಾರಿ ನೌಕರರಿಗೆ ಒಂದು ಸೌಲಭ್ಯ ಇದೆ, ಅದನ್ನು ಕಲಿಕೆಗೆ ಬಳಸುವವರು ಕಡಿಮೆ. ಬೇಸಿಗೆಯ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುತ್ತದೆ. ಮನೆಗೆ ಬಂದು ಉಂಡು ಒಂದು ನಿದ್ದೆ ತೆಗೆಯಿರಿ, ತಪ್ಪೇನಿಲ್ಲ. ಸಂಜೆ ಐದೂವರೆಗೆ ಎದ್ದರೆ ಏಳೂವರೆವರೆಗೆ ಎರಡು ಗಂಟೆ ನಿಮ್ಮದು. ವರ್ಷದಲ್ಲಿ ಇಷ್ಟು ಉದ್ದದ ಇಡಿ ಹೊತ್ತು ಸಾಲಾಗಿ ಸಿಗುವುದು ಆ ಎರಡು ತಿಂಗಳಲ್ಲೇ. ಹೊಸದಾಗಿ ಶುರು ಮಾಡುವವರು ಏಪ್ರಿಲ್ ಆರಿಸಿಕೊಂಡರೆ ಜಾಣತನ. ಶಿಕ್ಷಕರಿಗಂತೂ ಅದು ರಜೆಯ ಕಾಲ.

ಶಿಫ್ಟ್ ಕೆಲಸದವರಿಗೆ ಗಡಿಯಾರದ ಹೊತ್ತು ನಡೆಯುವುದಿಲ್ಲ. ಈ ವಾರ ರಾತ್ರಿ ಪಾಳಿ, ಮುಂದಿನ ವಾರ ಬೆಳಗಿನ ಪಾಳಿ. ಅಂಥವರು "ಎದ್ದು ಚಹಾ ಕುಡಿದ ಮೇಲಿನ ಮೊದಲ ಗಂಟೆ" ಅಂತ ಇಟ್ಟುಕೊಳ್ಳಲಿ. ಎದ್ದದ್ದು ಬೆಳಗ್ಗೆ ಆರಕ್ಕೋ ಮಧ್ಯಾಹ್ನ ಎರಡಕ್ಕೋ, ಲೆಕ್ಕ ಅದೇ. ಪಾಳಿ ಬದಲಾಗುವ ದಿನ ಓದು ಬೇಡ, ಮೈ ಒಪ್ಪುವುದಿಲ್ಲ.

ಹಂತ 5: ಮನೆಯಲ್ಲಿ ಬಾಯಿಬಿಟ್ಟು ಹೇಳಿ

ಫೋನ್ ಹಿಡಿದು ಕೂತ ಮನುಷ್ಯ ಓದುತ್ತಿದ್ದಾನೋ ಕ್ರಿಕೆಟ್ ನೋಡುತ್ತಿದ್ದಾನೋ ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಮಂಗಳವಾರ, ಗುರುವಾರ ಬೆಳಗ್ಗೆ ಈ ಒಂದು ಗಂಟೆ, ಈ ಮೂಲೆ, ಆಮೇಲೆ ಯಾವ ಕೆಲಸ ಹೇಳಿದರೂ ಮಾಡುತ್ತೇನೆ. ಇಷ್ಟು ನೇರವಾಗಿ ಹೇಳಿದರೆ ಒಪ್ಪದ ಮನೆ ಕಡಿಮೆ. ಹೇಳದೆ ಮುಖ ಗಂಟು ಹಾಕಿಕೊಂಡು ಕೂತರೆ ಜಗಳ.

ಹೆಂಗಸರ ವಿಷಯ ಬೇರೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. "ಬೆಳಗ್ಗೆ ಒಂದು ಗಂಟೆ ಬೇಗ ಏಳಿ" ಅನ್ನುವ ಸಲಹೆಯನ್ನು ಐದಕ್ಕೇ ಎದ್ದು ರೊಟ್ಟಿ ಬಡಿಯುವವರಿಗೆ ಕೊಟ್ಟರೆ ಅವರು ನಾಲ್ಕಕ್ಕೆ ಏಳಬೇಕು. ಅದು ನಡೆಯುವ ಮಾತಲ್ಲ. ಅವರಿಗೆ ಸಮಯ ಬರಬೇಕಾದದ್ದು ಸ್ವಂತ ನಿದ್ದೆಯಿಂದಲ್ಲ, ಬೇರೆಯವರ ಕೈಯಿಂದ. ವಾರಕ್ಕೆ ಎರಡು ದಿನ ಮಕ್ಕಳನ್ನು ಗಂಡ ಶಾಲೆಗೆ ತಯಾರು ಮಾಡಲಿ. ಒಂದು ದಿನ ಕಟಿ ರೊಟ್ಟಿಯಲ್ಲೇ ಊಟ ಮುಗಿಯಲಿ, ಶೇಂಗಾ ಹಿಂಡಿ ಮನೆಯಲ್ಲಿ ಇದ್ದೇ ಇರುತ್ತದೆ. ಯಾವ ದಿನ ಯಾರು ಏನು ಮಾಡುತ್ತಾರೆ ಅಂತ ಮೊದಲೇ ಮಾತಾಗಿರಲಿ. "ನೋಡೋಣ, ಬಿಡುವಾದಾಗ ಓದ್ಕೋ" ಅಂದರೆ ಆ ಬಿಡುವು ಬರುವುದಿಲ್ಲ.

ಮನೆಯಲ್ಲಿ ಜಾಗವೇ ಇಲ್ಲದಿದ್ದರೆ ಗ್ರಂಥಾಲಯ ನೋಡಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಹಲವು ಕಡೆ ಕಂಪ್ಯೂಟರ್ ಕೂಡ ಇವೆ. ಹೋಗುವ ಮುಂಚೆ ಬಾಗಿಲು ತೆರೆಯುವ ವೇಳೆ ಕೇಳಿಕೊಳ್ಳಿ.

ಹಂತ 6: ಕೂತ ಕೂಡಲೇ ಶುರು ಆಗುವಂತೆ ತಯಾರಿ

ಸಿಕ್ಕ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಚಾರ್ಜರ್ ಹುಡುಕುವುದು, ಅಪ್‌ಡೇಟ್‌ಗೆ ಕಾಯುವುದು, ಎಲ್ಲಿ ನಿಲ್ಲಿಸಿದ್ದೆ ಅಂತ ತಡಕಾಡುವುದರಲ್ಲೇ ಹೋಗುತ್ತದೆ. ಇದನ್ನು ತಪ್ಪಿಸಿದರೆ ಹೊಸ ಸಮಯ ಹುಡುಕಬೇಕಾಗಿಯೇ ಇಲ್ಲ.

ಲ್ಯಾಪ್‌ಟಾಪ್ ರಾತ್ರಿಯೇ ಚಾರ್ಜ್ ಆಗಿರಲಿ, ಜೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಿ ಹೋಗುವುದಿಲ್ಲ. ಪೈಥಾನಿನ ಅಧಿಕೃತ ಕೈಪಿಡಿಯನ್ನು ಪೂರ್ತಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು, ನೆಟ್ ಇಲ್ಲದಾಗ ಅದೇ ಗುರು. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ ಅನ್ನುವ ಆ್ಯಪ್ ಹಾಕಿಕೊಂಡು ನೆಟ್ ಇಲ್ಲದೆಯೂ ಪೈಥಾನ್ ಓಡಿಸಬಹುದು. ಮೊದಲ ಎರಡು ತಿಂಗಳಿಗೆ ಅದು ಸಾಕು. ಆಮೇಲೆ ಫೋನಿನ ಕೀಲಿಮಣೆ ಸಾಲುವುದಿಲ್ಲ. ಆಗ ಒಂದು ಹಳೇ ಲ್ಯಾಪ್‌ಟಾಪ್ ಕೊಂಡು ಉಬುಂಟು ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ. ಕಲಿಕೆಗೆ ಹೊಸ ಯಂತ್ರ ಬೇಕಿಲ್ಲ, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದರೆ ಆಯಿತು.

ಪ್ರತಿ ಸಲ ಏಳುವ ಮುಂಚೆ ಕೊನೆಯ ಮೂರು ನಿಮಿಷ ಇದಕ್ಕೆ ಕೊಡಿ: ಮುಂದೆ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಕೋಡಿನ ತುದಿಯಲ್ಲಿ ಕನ್ನಡದಲ್ಲೇ ಬರೆದಿಡಿ. ಸಾಲಿನ ಮುಂದೆ ಹ್ಯಾಶ್ ಚಿಹ್ನೆ (#) ಹಾಕಿದರೆ ಪೈಥಾನ್ ಅದನ್ನು ಓದದೆ ಬಿಡುತ್ತದೆ. "ಗುಂಟೆ 40ಕ್ಕಿಂತ ಜಾಸ್ತಿ ಕೊಟ್ಟರೆ ಏನು ಮಾಡಬೇಕು, ನೋಡು" ಅಂತ ಒಂದು ಸಾಲು ಇದ್ದರೆ ನಾಲ್ಕು ದಿನ ಬಿಟ್ಟು ಬಂದರೂ ಎರಡೇ ನಿಮಿಷದಲ್ಲಿ ಕೆಲಸಕ್ಕೆ ಇಳಿಯುತ್ತೀರಿ.

ಹಂತ 7: ಮೊದಲ ಮೂರು ತಿಂಗಳು ಏನು ಕಲಿಯಬೇಕು

ವೇರಿಯಬಲ್, ಇಫ್ (ಹೀಗಿದ್ದರೆ ಹಾಗೆ), ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ), ಲಿಸ್ಟ್ (ಸಾಲಾಗಿ ಇಟ್ಟ ಮಾಹಿತಿ), ಡಿಕ್ಷನರಿ (ಹೆಸರಿಗೆ ಜೋಡಿಸಿದ ಮಾಹಿತಿ), ಫಂಕ್ಷನ್, ಫೈಲ್ ಓದುವುದು-ಬರೆಯುವುದು. ಇಷ್ಟೇ. ಎಐ, ಡೇಟಾ ಸೈನ್ಸ್ ಅನ್ನುವ ಥಂಬ್‌ನೇಲ್ ಕಂಡರೆ ಪಕ್ಕಕ್ಕೆ ಸರಿಸಿ.

ಅಭ್ಯಾಸದ ಲೆಕ್ಕಗಳನ್ನು ನಿಮ್ಮ ಬದುಕಿನಿಂದಲೇ ತೆಗೆದುಕೊಳ್ಳಿ. ಪುಸ್ತಕದ ಲೆಕ್ಕಕ್ಕೆ ಪ್ರಶ್ನೆ ಅರ್ಥ ಮಾಡಿಕೊಳ್ಳಲೇ ಅರ್ಧ ಗಂಟೆ ಹೋಗುತ್ತದೆ. ತೊಗರಿ ಪಟ್ಟಿಯ (ಮಾರಿದಾಗ ಸಿಗುವ ಬಿಲ್ಲಿನ) ಲೆಕ್ಕ ನಿಮಗೆ ಮೊದಲೇ ಗೊತ್ತು. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಇತ್ತು. 12 ಕ್ವಿಂಟಲ್ 35 ಕೆಜಿಗೆ 98,800 ಬರಬೇಕು. ನಿಮ್ಮ ಪ್ರೋಗ್ರಾಮ್ ಬೇರೆ ಏನಾದರೂ ಹೇಳಿದರೆ ತಪ್ಪು ಅದರದ್ದೇ, ಉತ್ತರ ನೋಡಲು ಪುಸ್ತಕದ ಕೊನೇ ಪುಟ ಬೇಕಿಲ್ಲ. ಆಮೇಲೆ ಹಮಾಲಿ, ತೂಕದ ಖರ್ಚು ಕಳೆಯುವಂತೆ ಮಾಡಿ. ಅದಾದ ಮೇಲೆ ನಾಲ್ಕು ವರ್ಷದ ಪಟ್ಟಿಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಓದಿಸಿ. ಒಂದೇ ಲೆಕ್ಕ ಬೆಳೆಯುತ್ತಾ ಹೋಗುತ್ತದೆ, ಪ್ರತಿ ಸಲ ಹೊಸ ವಿಷಯ ಹುಡುಕುವ ಸಮಯ ಉಳಿಯುತ್ತದೆ. ಅಂಗಡಿಯವರಿಗೆ ಉದ್ರಿ ಖಾತೆ, ಶಿಕ್ಷಕರಿಗೆ ಹಾಜರಿ, ಹೀಗೆ ಯಾವುದಾದರೂ ಒಂದು.

ಗಡುವು ಇದ್ದರೆ ಮಾತ್ರ ಓದುವ ಸ್ವಭಾವದವರಿಗೆ ಎನ್‌ಪಿಟಿಇಎಲ್ (ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸ್‌ಗಳು) ಒಳ್ಳೆಯದು. ಸೇರಲು ದುಡ್ಡಿಲ್ಲ, ವಾರವಾರ ಅಸೈನ್‌ಮೆಂಟ್, ಕೊನೆಗೆ ಬೇಕಾದರೆ ಶುಲ್ಕ ಕಟ್ಟಿ ಪರೀಕ್ಷೆ. ಆದರೆ ಅದರ ತರಗತಿಗಳು ಜನವರಿ ಮತ್ತು ಜುಲೈ ಹೊತ್ತಿಗೆ ಶುರುವಾಗುತ್ತವೆ. ಹೊಲ ಇರುವವರಿಗೆ ಜುಲೈ ಅಂದರೆ ಬಿತ್ತನೆ, ಜನವರಿ ಅಂದರೆ ತೊಗರಿ ರಾಶಿ. ಯಾರು ಮಾಡಿದ ವೇಳಾಪಟ್ಟಿಯೋ, ನಮ್ಮ ಕಡೆಯವರು ಅಲ್ಲ! ಅಂಥವರು 12 ವಾರದ ಕೋರ್ಸ್ ಬಿಟ್ಟು 4 ಅಥವಾ 8 ವಾರದ್ದು ನೋಡಲಿ.

ಹಂತ 8: ಸಿಕ್ಕಿಹಾಕಿಕೊಂಡರೆ

ಇಪ್ಪತ್ತು ನಿಮಿಷ ಸ್ವಂತ ಪ್ರಯತ್ನ. ಎರರ್ ಮೆಸೇಜಿನ ಕೊನೆಯ ಸಾಲು ಮೊದಲು ಓದಿ, ಪೈಥಾನ್ ಮುಖ್ಯ ವಿಷಯ ಅಲ್ಲೇ ಹೇಳುತ್ತದೆ. ಆಮೇಲೆ ಕೇಳಿ. ಚಾಟ್‌ಜಿಪಿಟಿ ತರಹದ್ದನ್ನು ಕೇಳಿದರೂ ಅಡ್ಡಿಯಿಲ್ಲ. ಆದರೆ "ಪೂರ್ತಿ ಕೋಡ್ ಕೊಡಬೇಡ, ತಪ್ಪು ಯಾವ ಸಾಲಿನಲ್ಲಿದೆ ಹೇಳು, ಯಾಕೆ ಅಂತ ಕನ್ನಡದಲ್ಲಿ ತಿಳಿಸು" ಅಂತ ಕೇಳಿ. ಪೂರ್ತಿ ಕೋಡ್ ತೆಗೆದುಕೊಂಡರೆ ಸಮಯ ಉಳಿದಂತೆ ಕಾಣುತ್ತದೆ. ಮುಂದಿನ ವಾರ ಅದೇ ತಪ್ಪು ಬಂದಾಗ ಮತ್ತೆ ಅಲ್ಲೇ ಇರುತ್ತೀರಿ.

ಹಂತ 9: ಬಿಡುವ ದಿನಗಳನ್ನು ಮೊದಲೇ ಬರೆದಿಡಿ

ಮದುವೆ ಸೀಸನ್, ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು. ಈ ದಿನಗಳಲ್ಲಿ ಓದು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಸಜ್ಜಿ ಕಡಬು, ಭಜ್ಜಿ ಪಲ್ಯ ಮುಂದಿಟ್ಟುಕೊಂಡು ಲೂಪ್ ಬಗ್ಗೆ ಯಾರು ಯೋಚಿಸುತ್ತಾರೆ? ಕ್ಯಾಲೆಂಡರ್ ತೆಗೆದು ಇವನ್ನೆಲ್ಲ ಮೊದಲೇ ರಜೆ ಅಂತ ಗುರುತು ಮಾಡಿ. ರಾಶಿ ಕಾಲಕ್ಕೆ ಮೂರು ವಾರ ಪೂರ್ತಿ ಬಿಡಿ. ಗುರುತು ಮಾಡಿದ ರಜೆ ಮುಗಿದ ಮೇಲೆ ಮರಳಿ ಬರುವುದು ಸುಲಭ. ಗುರುತಿಲ್ಲದೆ ತಪ್ಪಿದ ಮೂರು ವಾರ "ನನ್ನಿಂದ ಆಗಲ್ಲ" ಅನ್ನುವ ಭಾವನೆ ತರುತ್ತದೆ.

ಮರಳಿದ ದಿನ ಹೊಸ ಪಾಠ ಬೇಡ. ಬಿಡುವ ಮುಂಚೆ ಬರೆದ ಒಂದು ಚಿಕ್ಕ ಪ್ರೋಗ್ರಾಮನ್ನು ನೋಡದೆ ಮತ್ತೆ ಬರೆಯಿರಿ. ಅರ್ಧ ಮರೆತಿರುತ್ತೀರಿ, ಆಗಲಿ. ಎರಡು ಸಲ ಕೂತರೆ ಮುಕ್ಕಾಲು ಭಾಗ ವಾಪಸ್ ಬರುತ್ತದೆ.

ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ

ಸ್ವಂತ ಓದಿಗೆ ಟೈಮ್ ಇಲ್ಲ, ದುಡ್ಡು ಕಟ್ಟಿದರೆ ಶಿಸ್ತು ಬರುತ್ತದೆ ಅಂತ ಕೆಲವರು ನೇರ ಇನ್‌ಸ್ಟಿಟ್ಯೂಟಿಗೆ ಹೋಗುತ್ತಾರೆ. ಕೆಲವರಿಗೆ ಅದು ಸರಿ ಹೊಂದುತ್ತದೆ. ಆದರೆ ಕ್ಲಾಸಿಗೆ ಹೋಗಿ ಬರುವ ಹೊತ್ತೂ ಲೆಕ್ಕಕ್ಕೆ ಸೇರಿಸಿ. ದಿನಕ್ಕೆ ಒಂದು ಗಂಟೆ ಪಾಠ, ಹೋಗಿ ಬರಲು ಒಂದು ಗಂಟೆ ಅಂದರೆ, ಅಭ್ಯಾಸಕ್ಕೆ ಉಳಿದದ್ದು ಸೊನ್ನೆ. ಅಭ್ಯಾಸವಿಲ್ಲದ ಪಾಠದಿಂದ ಏನೂ ಬರುವುದಿಲ್ಲ.

ಫೀ ಕೊಡುವ ಮುಂಚೆ ಹೀಗೆ ಕೇಳಿ. ಒಂದು ಕ್ಲಾಸ್ ಪುಕ್ಕಟೆ ಕೂರಬಹುದಾ? ಎರಡು ಕ್ಲಾಸ್ ತಪ್ಪಿದರೆ ರೆಕಾರ್ಡಿಂಗ್ ಸಿಗುತ್ತದಾ? ಕ್ಲಾಸಿನಲ್ಲಿ ವಿದ್ಯಾರ್ಥಿಗಳು ಕೋಡ್ ಬರೆಯುತ್ತಾರಾ, ಇಲ್ಲಾ ಬೋರ್ಡ್ ನೋಡಿ ಬರೆದುಕೊಳ್ಳುತ್ತಾರಾ? ಮಧ್ಯೆ ಬಿಟ್ಟರೆ ಉಳಿದ ದುಡ್ಡು ವಾಪಸ್ ಕೊಡುತ್ತೀರಾ? ನೌಕರಿ ಗ್ಯಾರಂಟಿ ಅಂದರೆ ಅದನ್ನು ಲೆಟರ್‌ಹೆಡ್ ಮೇಲೆ ಬರೆದು, ಯಾವ ಕೆಲಸ, ಎಷ್ಟು ಸಂಬಳ ಅಂತ ಹಾಕಿ ಸಹಿ ಮಾಡಿಕೊಡಲು ಹೇಳಿ. ಕೊಡದಿದ್ದರೆ ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಲಿಸುವುದು ಮಾತ್ರ ಚೆನ್ನಾಗಿದ್ದರೆ, ಕಂತಿನಲ್ಲಿ ಕಟ್ಟಲು ಒಪ್ಪಿದರೆ, ಮೊದಲ ಕಂತು ಕಟ್ಟಿ ಒಂದು ತಿಂಗಳು ನೋಡಿ.